ಹೊಟ್ಟಿ ತುಂಬಿದವ

‘ಇವರ ಹೊಟ್ಟೆ ತುಂಬಿದೆ’ ಎಂದು ಸ್ಪ್ಯಾನಿಷಿನಲ್ಲಿ ಹೇಳಲು ಎರಡೇ ಪದ ಸಾಕು. ಆ ಎರಡು ಪದಗಳನ್ನು ಮಹಾಮಾಯಾ ಬೀದರಿನಲ್ಲಿದ್ದಾಗಲೇ ಮೊಬೈಲ್ ಆ್ಯಪ್ ಮುಂದಿಟ್ಟುಕೊಂಡು ಬಾಯಿಪಾಠ ಮಾಡಿದ್ದಳು.

“ಎಸ್ತಾ ಯೆನೊ,” ಅಂದಳು ಬಾರಿನವನಿಗೆ, ಪಕ್ಕದಲ್ಲಿದ್ದ ಶಿವಕಾಂತನ ಕಡೆ ಕೈ ಮಾಡಿ. ಮುಖದ ಮೇಲೆ ಎಂಥಾ ನಗು ಅಂತೀರಿ, ನೋಡಿದವರು ಎಷ್ಟು ಒಳ್ಳೆಯ ಹುಡುಗಿ ಅನ್ನಬೇಕು.

ಬಾರಿನವನು ಚಾಚಿದ್ದ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡ. ಅದರಲ್ಲಿ ಒಂದು ತುಂಡು ಬ್ರೆಡ್ಡು, ಅದರ ಮೇಲೆ ಸುಟ್ಟ ಕೆಂಪು ಮೆಣಸಿನಕಾಯಿ, ಅದರ ಮೇಲೆ ಎಣ್ಣೆಯಲ್ಲಿ ಮಿಂಚುವ ಪುಟ್ಟ ಮೀನು. ಶಿವಕಾಂತನ ಕಣ್ಣು ತಟ್ಟೆಯ ಹಿಂದೆ ಒಂದು ಗೇಣು ಹೋಗಿ ವಾಪಸು ಬಂತು. ಅವನು ಕೈ ಕಟ್ಟಿಕೊಂಡು ನಿಂತ. ಜಗಳವಾಡಿದ್ದರೆ ಮಹಾಮಾಯಾಳಿಗೆ ಇನ್ನಷ್ಟು ಖುಷಿಯಾಗುತ್ತಿತ್ತು.

ಊರಿನ ಹೆಸರು ಲೊಗ್ರೋನ್ಯೊ, ಸ್ಪೇನಿನ ಉತ್ತರಕ್ಕಿದೆ. ಸುತ್ತ ಕಣ್ಣು ಹಾಯುವವರೆಗೂ ದ್ರಾಕ್ಷಿ ತೋಟ. ಅಕ್ಟೋಬರ್ ಅಂದರೆ ಹಣ್ಣು ಕೊಯ್ದು ವೈನಿಗೆ ಹಾಕುವ ಕಾಲ, ಊರಿಗೆ ಊರೇ ಹುಳಿಸಿಹಿಯಾಗಿ ನಾರುತ್ತಿತ್ತು. ಬೀದರ ಜಿಲ್ಲೆಯ ನಾಲ್ವರು ಪಶುವೈದ್ಯರು ಕುರಿಗಳ ರೋಗದ ತರಬೇತಿಗೆಂದು ಹತ್ತು ದಿನಕ್ಕೆ ಇಲ್ಲಿಗೆ ಬಂದಿದ್ದರು. ಮಧ್ಯಾಹ್ನ ಒಂದು ಗಂಟೆಗೆ ತರಬೇತಿ ಬಿಟ್ಟರೆ ನಾಲ್ಕರವರೆಗೆ ಈ ಊರಿನಲ್ಲಿ ಯಾರೂ ಕೆಲಸದ ಹೆಸರೆತ್ತುವುದಿಲ್ಲ. ಎಲ್ಲರೂ ಈ ಇಕ್ಕಟ್ಟಾದ ಗಲ್ಲಿಗೆ ಬರುತ್ತಾರೆ. ಎರಡೂ ಕಡೆ ಬಾರುಗಳು. ಒಂದೊಂದು ಬಾರಿನಲ್ಲಿ ಒಂದೊಂದೇ ತಿನಿಸು, ಅಜ್ಜನ ಕಾಲದಿಂದ ಅದೇ. ಸಣ್ಣ ತಟ್ಟೆಯಲ್ಲಿ ಎರಡು ತುತ್ತು, ಸಣ್ಣ ಗ್ಲಾಸಿನಲ್ಲಿ ಎರಡು ಗುಟುಕು, ನಿಂತೇ ಮುಗಿಸಿ ಮುಂದಿನ ಬಾರಿಗೆ ನಡೆಯಬೇಕು. ಯಾರ ಭುಜ ಯಾರಿಗೆ ತಾಗಿತು ಎಂದು ಯಾರೂ ನೋಡುವುದಿಲ್ಲ.

ನಾಲ್ವರಿಗೆ ಮಹಾಮಾಯಾಳೇ ಲೀಡರ್. ಔರಾದದ ಹುಡುಗಿ, ವಯಸ್ಸು ಮೂವತ್ತೊಂದು, ಅಲ್ಪಸ್ವಲ್ಪ ಸ್ಪ್ಯಾನಿಷ್ ಬರುತ್ತಿದ್ದುದೂ ಅವಳೊಬ್ಬಳಿಗೇ. ಕಾಲೇಜಿನಿಂದಲೂ ಅವಳ ಗೆಳತಿಯಾದ ಕುಬರಾ ಬೀದರಿನವಳು, ವೈನಿನ ಬದಲು ದ್ರಾಕ್ಷಿ ರಸ ಕುಡಿಯುತ್ತಿದ್ದಳು. ಹಣಮಂತಪ್ಪನವರು ಇನ್ನೊಂದು ವರ್ಷಕ್ಕೆ ರಿಟೈರ್ ಆಗುವವರು, ಅಪ್ಪಟ ಸಸ್ಯಾಹಾರಿ. ಜೇಬಿನಲ್ಲೇ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಡಬ್ಬಿ ಇಟ್ಟುಕೊಂಡು ಕಂಡದ್ದರ ಮೇಲೆಲ್ಲ ಉದುರಿಸಿಕೊಂಡು ತಿನ್ನುತ್ತಿದ್ದರು. ನಾಲ್ಕನೆಯವನು ಭಾಲ್ಕಿ ತಾಲೂಕಿನ ಸಾಯಗಾಂವದ ಶಿವಕಾಂತ. ಮೂರು ದಿನದಿಂದ ಅವನು ಯಾವ ತಟ್ಟೆಗೆ ಕೈ ಹಾಕಿದರೂ ಲೀಡರ್ ಮೇಡಂ ನಗುನಗುತ್ತ ‘ಎಸ್ತಾ ಯೆನೊ’ ಅನ್ನುತ್ತಿದ್ದರು.

“ಶಿವಕಾಂತ ಅವರದು ಏನರೆ ವ್ರತ ಅದ ಏನರಿ?” ಎಂದು ಹಣಮಂತಪ್ಪನವರು ಕೇಳಿದರು.

“ಹೌದರಿ ಸರ್,” ಅಂದಳು ಮಹಾಮಾಯಾ. “ಅವರದು ಹಳೇ ವ್ರತ ಅದ. ಏಳ ವರ್ಷದ್ದು.”

ಶಿವಕಾಂತ ಅವಳ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಗಿದೆ ಎಂಬುದು ಆ ನೋಟದಲ್ಲೇ ಅವಳಿಗೆ ತಿಳಿಯಿತು. ಎದೆಯೊಳಗೆ ಏನೋ ತಣ್ಣಗಾಯಿತು, ಅದರ ಪಕ್ಕದಲ್ಲೇ ಇನ್ನೇನೋ ಚುಚ್ಚಿತು. ಚುಚ್ಚಿದ್ದರ ಕಡೆ ಅವಳು ಗಮನ ಕೊಡಲಿಲ್ಲ.

ಒಂಬತ್ತು ವರ್ಷದ ಹಿಂದೆ ಇಬ್ಬರೂ ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದರು. ಜನವಾಡದ ಒಂದು ಕುರಿಹಟ್ಟಿಗೆ ಪ್ರಾಕ್ಟಿಕಲ್‌ಗೆ ಹೋದಾಗ ಮಹಾಮಾಯಾ ಒಂದು ಕುರಿಯ ಕೆಳರೆಪ್ಪೆ ಎಳೆದು ರಕ್ತ ಕಡಿಮೆ ಇದೆಯೇ ಎಂದು ನೋಡುತ್ತಿದ್ದಳು. ಕುರಿ ಒದ್ದಾಡುತ್ತಿತ್ತು. ಹಿಂದಿನಿಂದ ಒಬ್ಬ, “ಹಂಗಲ್ಲ, ಜರಾ ಗದ್ದ ಕೆರೀರಿ, ತಾನೇ ನಿಲ್ತದ,” ಅಂದ. ಗದ್ದ ಕೆರೆದಳು. ಕುರಿ ನಿಂತಿತು.

“ನಿಮಗ ಹ್ಯಾಂಗ ಗೊತ್ತರಿ?” ಎಂದು ಕೇಳಿದಳು.

“ನಾ ಕುರಿ ನಡುವ ಹುಟ್ಟಿದವರಿ. ನನಗೂ ಗದ್ದ ಕೆರದ್ರ ಸುಮ್ಮ ನಿಲ್ತೇನಿ.”

ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಕಿವಿ ಕೆಂಪಾದವು. ಆ ಕೆಂಪು ಕಿವಿಯನ್ನು ಅವಳು ಹಾಸ್ಟೆಲಿಗೆ ಬಂದ ಮೇಲೂ ನೆನೆದು ನೆನೆದು ನಕ್ಕಳು. ಆಮೇಲೆ ಎರಡು ವರ್ಷ ಅವರಿಬ್ಬರೂ ಒಂದೇ ಬೈಕಿನಲ್ಲಿ ತಿರುಗದ ಊರಿಲ್ಲ. ಬೈಕಿನ ಕನ್ನಡಿಯನ್ನು ರಸ್ತೆ ಕಾಣುವ ಹಾಗೆ ಅವನು ಒಮ್ಮೆಯೂ ಇಟ್ಟವನಲ್ಲ. ಅವಳ ಮುಖ ಕಾಣುವ ಹಾಗೆ ತಿರುಗಿಸಿ ಇಡುತ್ತಿದ್ದ.

ಓದು ಮುಗಿದ ಮೇಲೆ ಶಿವಕಾಂತ ಹೆಣ್ಣು ಕೇಳಲು ಔರಾದಕ್ಕೆ ಬಂದ. ತಂದೆಯಿಲ್ಲದ ಅವನನ್ನು ಸಾಕಿ ಓದಿಸಿದ ಸೋದರಮಾವ ಮಡೆಪ್ಪನೂ ಜೊತೆಗೆ ಬಂದ. ಮಹಾಮಾಯಾಳದು ಅಜ್ಜನ ಕಾಲಕ್ಕೆ ಬೌದ್ಧರಾದ ದಲಿತರ ಮನೆ. ತಂದೆ ನಾಗಸೇನ ಸಾಲಿಮಾಸ್ತರರು. ತಾಯಿ ಸುಭದ್ರಾಬಾಯಿ ನಸುಕಿನಲ್ಲೇ ಎದ್ದು ಹೋಳಿಗೆ, ಕಟ್ಟಿನ ಸಾರು, ಹಪ್ಪಳ ಮಾಡಿ, ಹೊಸ ತಟ್ಟೆಯಲ್ಲಿ ಬಡಿಸಿ ತಂದಿಟ್ಟರು. ಮಡೆಪ್ಪ ತಟ್ಟೆ ನೋಡಿದ. ಚೀಲದಿಂದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದ ನೀರಿನ ಬಾಟಲಿ ತೆಗೆದು, ಸೀಲು ಒಡೆದು ಕುಡಿದ. “ನಮ್ಮದು ಹೊಟ್ಟಿ ತುಂಬ್ಯಾದರಿ,” ಅಂದ. ಆಮೇಲೆ ಅಳಿಯನ ಕಡೆ ನೋಡಿದ.

ಶಿವಕಾಂತ ತಲೆ ತಗ್ಗಿಸಿ, “ನಂದೂ ಹೊಟ್ಟಿ ತುಂಬ್ಯಾದರಿ ಆಯಿ,” ಅಂದ.

ತುಪ್ಪ ಹರಿಯದಿದ್ದರೂ ಸುಭದ್ರಾಬಾಯಿ ತಟ್ಟೆಯ ಅಂಚನ್ನು ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು, ಎರಡೂ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವರಿಬ್ಬರೂ ಹೋದ ಮೇಲೆ ನಾಗಸೇನರು, “ನಾವು ಬುದ್ಧನ ದಾರಿ ಹಿಡದು ಎರಡ ತಲಿ ಆದವು. ಇವರ ನೀರಡಿಕಿ ಇನ್ನಾ ಹಳೇದೇ ಅದ,” ಅಂದರು. ಮಹಾಮಾಯಾ ಅವತ್ತೇ ಶಿವಕಾಂತನ ನಂಬರು ಬ್ಲಾಕ್ ಮಾಡಿದಳು. ಅವನು ಬರೆದ ಎರಡು ಪತ್ರಗಳನ್ನು ಒಡೆಯದೆ ಒಲೆಗೆ ಹಾಕಿದಳು.

ತರಬೇತಿಯ ಪಟ್ಟಿಯಲ್ಲಿ ಅವನ ಹೆಸರು ಕಂಡಾಗ ಒಂದು ಮಾತು ಹೇಳಿ ತೆಗೆಸಬಹುದಿತ್ತು. ತೆಗೆಸಲಿಲ್ಲ. ಬರಲಿ ಅಂದುಕೊಂಡಳು. ಊರಿಗೆ ಊರೇ ತಿನ್ನುತ್ತ ನಿಂತಿರುವ ಗಲ್ಲಿಯಲ್ಲಿ ಒಬ್ಬನನ್ನೇ ಉಪವಾಸ ನಿಲ್ಲಿಸಿದರೆ ಹೇಗಿರುತ್ತದೆ, ನನ್ನ ಆಯಿ ಪಟ್ಟದ್ದರಲ್ಲಿ ಒಂದಾಣೆಯಷ್ಟಾದರೂ ಅವನು ಪಡಲಿ, ಇದು ಅವಳ ಲೆಕ್ಕಾಚಾರ. ಅವನು ಎದ್ದು ಎಗರಾಡಬೇಕು, ಆಗ ನಾಲ್ಕು ಜನರ ಮುಂದೆ ಆ ಕಥೆ ಹೇಳಿ ಅವನ ಮಾನ ಕಳೆಯಬೇಕು. ಆದರೆ ಮಹಾರಾಯ ಎಗರಾಡುತ್ತಲೇ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕುರಿ ಫಾರ್ಮಿನಲ್ಲಿ ಕುಬರಾ ಅವಳನ್ನು ಬೇಲಿಯ ಕಡೆ ಎಳೆದುಕೊಂಡು ಹೋದಳು.

“ಅಂವ ಹೋಟೆಲ್‌ಗಿ ಹೋಗಿ ತಿಂತಾನ ಅಂತ ತಿಳದೀಯೇನು ನೀ?”

“ಮತ್ತೇನು, ಉಪವಾಸ ಸಾಯ್ತಾನ?”

“ಮುಂಜಾನಿ ನಾಷ್ಟಾ ಒಂದೇ. ಮಧ್ಯಾಹ್ನ ಏನೂ ಇಲ್ಲ, ರಾತ್ರಿನೂ ಇಲ್ಲ. ನಾ ಬಿಸ್ಕಿಟ್ ಕೊಟ್ರ, ‘ಬ್ಯಾಡರಿ, ಅಕಿ ತಿನ್ನು ಅನ್ನೂತನಾ ತಿನ್ನೂದಿಲ್ಲ’ ಅಂದ. ಮಾಯಾ, ಬಸ್, ಸಾಕ ಮಾಡು ಇನ್ನ. ಜಬರ್ದಸ್ತಿ ಆಗ್ಲತ್ತದ.”

“ಮೂರ ದಿನಕ್ಕ ನಿನಗ ಇಷ್ಟ ದಯಾ ಬಂತು. ನಮ್ಮ ಆಯಿ ಆವತ್ತಿನಿಂದ ಹೋಳಗೀನೇ ಮಾಡಿಲ್ಲ.”

ಅಂದಳೇನೋ ಸರಿ. ಆದರೆ ಆ ಬೆಳಿಗ್ಗೆಯೆಲ್ಲ ಅವಳ ಕಣ್ಣು ಕೇಳದೆಯೇ ಅವನ ಕಡೆ ಹೋಗುತ್ತಿತ್ತು. ಅಂಗಿಯ ಕಾಲರು ಸಡಿಲಾಗಿತ್ತು. ಬೆದರಿದ ಒಂದು ಮರಿಯನ್ನು ಅವನು ತೋಳಲ್ಲಿ ಹಿಡಿದು ಗದ್ದ ಕೆರೆಯುತ್ತಿದ್ದ. ಅದು ಕಣ್ಣು ಮುಚ್ಚಿ ನಿಂತಿತ್ತು. ಅವನು ತಲೆಯೆತ್ತಿದ, ಇಬ್ಬರ ಕಣ್ಣೂ ಕೂಡಿದವು, ಅವನ ಕಿವಿ ಕೆಂಪಾದವು. ಈ ಕಿವಿಗಳಿಗೆ ಏಳು ವರ್ಷವಾದರೂ ಬುದ್ಧಿ ಬಂದಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟೆಂದೇ ಅವಳು ಅದಕ್ಕೆ ಹೆಸರಿಟ್ಟಳು.

ಮಧ್ಯಾಹ್ನ ಮೊದಲು ಮಾರಿಸೋಲ್‌ಳ ಬಾರಿಗೇ ಹೋದರು. ಹಣಮಂತಪ್ಪನವರ ದೆಸೆಯಿಂದ ಅಲ್ಲಿಗೆ ದಿನವೂ ಹೋಗಲೇಬೇಕಾಗಿತ್ತು, ಯಾಕೆಂದರೆ ಅಲ್ಲಿ ಸಿಗುವುದು ಅಣಬೆ. ಅರವತ್ತು ದಾಟಿದ ಮಾರಿಸೋಲ್ ಕಬ್ಬಿಣದ ಹಂಚಿನ ಮುಂದೆ ನಿಂತು, ಬೆಳ್ಳುಳ್ಳಿ ಎಣ್ಣೆ ಸುರಿದ ಅಣಬೆಗಳನ್ನು ಮೂರು ಮೂರರಂತೆ ಬ್ರೆಡ್ಡಿನ ಮೇಲೆ ಪೇರಿಸಿ ಕೊಡುತ್ತಿದ್ದಳು. ಮುಂಗೈ ತುಂಬ ಹಂಚು ತಾಗಿ ಸುಟ್ಟ ಕಲೆಗಳು.

ನಾಲ್ಕು ತಟ್ಟೆ ಬಂದವು. ಮಹಾಮಾಯಾ ಮಾಮೂಲಿನಂತೆ ನಕ್ಕು, “ಎಸ್ತಾ ಯೆನೊ,” ಅಂದಳು.

ಮಾರಿಸೋಲ್ ತಟ್ಟೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಂಚಿನ ಉರಿ ಸಣ್ಣ ಮಾಡಿ, ತಟ್ಟೆ ಹಿಡಿದುಕೊಂಡೇ ಕಟ್ಟೆಯಿಂದ ಈಚೆಗೆ ಬಂದಳು. ಮಹಾಮಾಯಾಳಿಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಕೇಳಿದಳು. ನಿನ್ನೆಯೂ ಹೊಟ್ಟೆ ತುಂಬಿತ್ತೇ? ಮೊನ್ನೆಯೂ ತುಂಬಿತ್ತೇ? ಇವನಿಗೆ ನನ್ನ ಕೈಯ ಅಡುಗೆ ಯಾಕೆ ಬೇಡ? ನನ್ನ ಕೈಯಲ್ಲಿ ಏನು ಕೊಳೆ ಕಂಡ?

ಕೇಳಿ, ತಟ್ಟೆಯ ಅಂಚನ್ನು ಏಪ್ರನ್ನಿನಿಂದ ಒರೆಸಿದಳು. ಅಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಮಹಾಮಾಯಾಳ ನಗು ಮುಖದ ಮೇಲೆಯೇ ಒಣಗಿತು. ಬೇರೆ ದೇಶ, ಬೇರೆ ಮುದುಕಿ. ಆದರೆ ಆ ಕೈ ತಟ್ಟೆ ಒರೆಸಿದ ರೀತಿ ತನ್ನ ತಾಯಿಯದೇ. ಅವತ್ತು ಮಡೆಪ್ಪ ಮಾಡಿದ್ದನ್ನು ಇವತ್ತು ಈ ಹೆಂಗಸಿಗೆ ತಾನು ಮಾಡಿದ್ದಳು. ಅದೂ ಮೂರು ದಿನ, ನಗುನಗುತ್ತ. ನಾಚಿಕೆಯಿಂದ ಅವಳ ಮೈ ಬಿಸಿಯಾಯಿತು.

“ಏನ್ ಕೇಳ್ಲತ್ತಾರ?” ಎಂದ ಶಿವಕಾಂತ.

ಅವಳು ಹೇಳಿದಳು. ಕೊಳೆಯ ಮಾತು ಹೇಳುವಾಗ ಅವನು ಕಣ್ಣು ಮುಚ್ಚಿಕೊಂಡ.

“ನಾ ಹೇಳೂದು ಅವರಿಗಿ ಹೇಳ್ತೀರೇನು ಡಾಕ್ಟರ? ಇದ್ದದ್ದ ಇದ್ದಂಗ?”

ಅವಳು ತಲೆಯಾಡಿಸಿದಳು.

“ನನಗ ಹಸಿವಿ ಆಗ್ಯಾದ ಅಂತ ಹೇಳರಿ. ಅವರ ಕೈ ಭಾಳ ಚಂದ ಅವ. ಏಳ ವರ್ಷದ ಹಿಂದ ಒಬ್ಬ ತಾಯಿ ನನಗ ಹೋಳಗಿ ಬಡಸಿದ್ಲು. ಮುಂಜಾನಿಂದ ನಾ ಏನೂ ತಿಂದಿದ್ದಿಲ್ಲ. ತಿಂದ್ರ ಮಾವ ನನ್ನ ಮನಿ ಬಿಡಸ್ತಾನ ಅಂತ ಅಂಜಿ ಹೊಟ್ಟಿ ತುಂಬ್ಯಾದ ಅಂದೆ. ಅಕಿ ಜಾತಿ ನೋಡಿ ನಮ್ಮ ಮಾವ ತಿನ್ನಲಿಲ್ಲ, ನಮ್ಮ ಮಾವನ್ನ ನೋಡಿ ನಾ ತಿನ್ನಲಿಲ್ಲ. ಎರಡೂ ಒಂದೇ. ಅದಕ್ಕ ಈ ಶಿಕ್ಷಾ. ಶಿಕ್ಷಾ ಕೊಟ್ಟವರದು ಏನೂ ತಪ್ಪಿಲ್ಲ.”

ಇಷ್ಟನ್ನೂ ಅವಳೇ ತನ್ನ ಬಾಯಿಂದ ಇನ್ನೊಂದು ಭಾಷೆಯಲ್ಲಿ ಹೇಳಬೇಕಾಯಿತು. ಅವಳ ಸ್ಪ್ಯಾನಿಷ್ ಮಕ್ಕಳ ಸ್ಪ್ಯಾನಿಷ್. ಜಾತಿಗೆ ಪದ ಸಿಗಲಿಲ್ಲ. ಇವನಿಗೆ ಹಸಿವಿತ್ತು. ಇವನಿಗೆ ಹೆದರಿಕೆ ಇತ್ತು. ಆ ತಾಯಿ ನನ್ನ ತಾಯಿ. ಈ ಮೂರನೆಯ ವಾಕ್ಯ ಶಿವಕಾಂತ ಹೇಳಿದ್ದಲ್ಲ, ಅವಳೇ ಸೇರಿಸಿದ್ದು. ನಾಲ್ಕನೆಯದೂ ಅವಳದೇ: ನಿಮ್ಮ ಮನಸ್ಸು ನೋಯಿಸಿದವಳು ನಾನು, ಕ್ಷಮಿಸಿ.

ಮಾರಿಸೋಲ್ ಇಬ್ಬರನ್ನೂ ನೋಡಿದಳು. ತಟ್ಟೆಯನ್ನು ಮಹಾಮಾಯಾಳ ಕೈಯಲ್ಲಿಟ್ಟು ಹಂಚಿನ ಕಡೆ ಹೋದಳು.

“ತಿನ್ನರಿ,” ಅಂದಳು ಮಹಾಮಾಯಾ, ತಟ್ಟೆ ಅವನ ಮುಂದೆ ಹಿಡಿದು. “ಅಕಿ ಏನ್ ತಪ್ಪ ಮಾಡ್ಯಾಳ.”

ಅವನು ತಿಂದ. ನಾಲ್ಕು ದಿನದ ಹಸಿವು ಕಾಣದಿರಲೆಂದು ನಿಧಾನಕ್ಕೆ ತಿಂದ, ಆದರೂ ಕೊನೆಗೆ ತಟ್ಟೆಗೆ ಹತ್ತಿದ ಎಣ್ಣೆಯನ್ನೂ ಬ್ರೆಡ್ಡಿನಿಂದ ಒರೆಸಿ ತಿಂದ. ಹಣಮಂತಪ್ಪನವರು ತಮ್ಮ ಹಿಂಡಿಯ ಡಬ್ಬಿಯನ್ನು ಅವನ ಪಕ್ಕಕ್ಕೆ ಸರಿಸಿದರು.

ಅವನು ತಿನ್ನುವುದನ್ನು ನೋಡುತ್ತ ಮಹಾಮಾಯಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಇನ್ನೂ ಏರಿತು.

“ಇಲ್ಲಿ ಹೇಳೂದಕ್ಕ ಏನ್ ಹೋಗ್ತದರಿ ನಿಮ್ದು?” ಅಂದಳು. “ಈ ಊರಾಗ ನಿಮ್ಮ ಮಾವ ಇಲ್ಲ. ನಿಮ್ಮ ಮಂದಿ ಇಲ್ಲ. ನಮ್ಮ ಆಯಿ ಇಲ್ಲ. ಹೇಳಿ ಹಗುರಾದ್ರಿ, ಖುಷಿ ಆತೇನು?”

“ಹಂಗಾರ ಔರಾದಕ್ಕ ಫೋನ್ ಹಚ್ಚರಿ.”

ಅಲ್ಲಿ ಆಗ ಸಂಜೆ ಐದು ಗಂಟೆ. ಮಹಾಮಾಯಾ ಹಚ್ಚಿಯೇಬಿಟ್ಟಳು. ಆಯಿ ಇವನ ಚರ್ಮ ಸುಲಿಯಲಿ ಎಂದೇ ಹಚ್ಚಿದಳು. ಗದ್ದಲ ತಪ್ಪಿಸಿ ಎಲ್ಲರೂ ಗಲ್ಲಿಯ ಮೂಲೆಗೆ ಬಂದು ನಿಂತರು, ಅವಳು ಸ್ಪೀಕರ್ ಹಾಕಿ ಫೋನನ್ನು ಶಿವಕಾಂತನ ಕೈಗೆ ಕೊಟ್ಟಳು.

“ಆಯಿ, ನಾನರಿ, ಸಾಯಗಾಂವದ ಶಿವಕಾಂತ.”

ಆ ಕಡೆಯಿಂದ ಸುಭದ್ರಾಬಾಯಿಯ ದನಿ ಬಂತು. “ಯಾರು, ಆ ಹೊಟ್ಟಿ ತುಂಬಿದವ ಏನು?”

ಏಳು ವರ್ಷದಿಂದ ಔರಾದದ ಆ ಮನೆಯಲ್ಲಿ ಅವನಿಗೆ ಅದೇ ಹೆಸರು. ಕುಬರಾ ನಗು ತಡೆಯಲು ಓಢಣಿ ಬಾಯಿಗಿಟ್ಟುಕೊಂಡಳು.

“ಹೌದರಿ. ಆವತ್ತ ನಾ ಸುಳ್ಳ ಹೇಳಿದ್ದೆರಿ. ಹೊಟ್ಟಿ ಖಾಲಿ ಇತ್ತು. ಅಂಜಿದ್ದೆ. ತಪ್ಪಾತು ಅನ್ಲಿಕ್ಕೂ ನನಗ ಬಾಯಿಲ್ಲ.”

“ಈಗ ಎದಕ್ಕ ಹೇಳ್ಲತ್ತಿ? ಎರಡ ಹೋಳಗಿ ಮಾಡಿ ಬಡಸ್ಲಿ ಏನು?”

“ಇಲ್ಲರಿ. ನೀವು ಏನ್ ಶಿಕ್ಷಾ ಕೊಟ್ರೂ ಮಾಡ್ತೇನಿ.”

ಆ ತಾಯಿ ಕೂಗಾಡಲಿಲ್ಲ. ಕೂಗಾಡುವುದಕ್ಕಿಂತ ಬಿರುಸಾದದ್ದನ್ನು ಸಾವಕಾಶವಾಗಿ ಹೇಳಿದರು.

“ನೀ ಬಂದು ನಮ್ಮ ಅಂಗಳದಾಗ ಒಲಿ ಹಚ್ಚಿ ಅಡಗಿ ಮಾಡು. ನಿಮ್ಮ ಮನಿ ಹಿರೇರ್ನ ಕರಕೊಂಡು ಬಾ. ನಾಕ ಮಂದಿ ಕಾಣೂವಂಗ, ಹಗಲ ಹೊತ್ತಿನಾಗ. ಮಾಡಿ ನನ್ನ ಮುಂದ ತಂದಿಡು. ಉಣ್ಣಬೇಕೋ ಬ್ಯಾಡೋ, ಆಗ ನಾ ನೋಡ್ತೇನಿ.”

ಫೋನು ಕಟ್ಟಾಯಿತು. ಮಹಾಮಾಯಾ ಅಷ್ಟು ದಿನ ಕೂತು ಹೆಣೆದ ಸೇಡು ಆಯಿಯ ಈ ಮಾತಿನ ಮುಂದೆ ಏನೇನೂ ಅಲ್ಲ ಅನಿಸಿತು. ಶಿವಕಾಂತ ಫೋನನ್ನು ಅವಳಿಗೆ ಕೊಟ್ಟ, “ಬರ್ತೇನಿ,” ಅಂದ. ಅವಳು ನಂಬಲಿಲ್ಲ. ನಂಬಿ ಇನ್ನೊಮ್ಮೆ ಮುರಿಯಲು ಅವಳಿಗೆ ಮನಸ್ಸಿರಲಿಲ್ಲ.

ಊರಿಗೆ ಬಂದು ಒಂದು ವಾರವಾಯಿತು, ಎರಡು ವಾರವಾಯಿತು. ಮೂರನೆಯ ಭಾನುವಾರ ಮಹಾಮಾಯಾ ಔರಾದದ ಮನೆಯ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಬೆಳಗಿನ ಬಸ್ಸು ಬಂದು ಹೋಗಿತ್ತು. ಇವತ್ತೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಶಿವಕಾಂತ ಕಾಣಿಸಿದ. ಹೆಗಲ ಮೇಲೆ ಜೋಳದ ಹಿಟ್ಟಿನ ಚೀಲ, ಕಂಕುಳಲ್ಲಿ ಪುಂಡಿ ಸೊಪ್ಪಿನ ಗಂಟು. ಹಿಂದೆ ಅವನ ತಾಯಿ ಪುತಳಾಬಾಯಿ ಕೈಯಲ್ಲಿ ರೊಟ್ಟಿ ಹಂಚು ಹಿಡಿದು ಬರುತ್ತಿದ್ದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು.

ಸುಭದ್ರಾಬಾಯಿ ಹೊಸ್ತಿಲಲ್ಲಿ ನಿಂತು, “ನಿಮ್ಮ ಮಾವ ಎಲ್ಲಿ?” ಅಂದರು.

“ಬರಲಿಲ್ಲರಿ. ಔರಾದಕ್ಕ ಹೋದ್ರ ತಿರುಗಿ ನನ್ನ ಮನಿಗಿ ಬರಬ್ಯಾಡ ಅಂದಾರ. ನಮ್ಮ ಕುರಿ ಎಲ್ಲಾ ಅವರ ಹಿಂಡಿನಾಗೇ ಇದ್ವು. ಹಟ್ಟಿಗಿ ಕಾಲ ಇಡಬ್ಯಾಡ ಅಂದಾರ.”

“ಮತ್ತ?”

“ಮತ್ತೇನಿಲ್ಲರಿ. ಬಂದೇನಿ.”

ಪುತಳಾಬಾಯಿ ಹಂಚನ್ನು ನೆಲಕ್ಕಿಟ್ಟು, “ಮಾವ ಹಿರೇರಲ್ಲ, ನಾ ಹಿರೇಳಿದ್ದೇನ್ರಿ ಅಕ್ಕಾರ. ಹಡದಾಕಿ ನಾ. ಆವತ್ತೇ ಬರಬೇಕಿತ್ತು, ಅಣ್ಣಗ ಅಂಜಿ ಮನ್ಯಾಗ ಕುಂತೆ,” ಅಂದಳು.

ಮಹಾಮಾಯಾಳ ಕೈಯಲ್ಲಿ ಸೊಪ್ಪು ಹಾಗೇ ಉಳಿಯಿತು. ಆ ಕುರಿಗಳೆಂದರೆ ಶಿವಕಾಂತನಿಗೆ ಏನು ಎಂಬುದು ಅವಳಿಗೆ ಗೊತ್ತು. ಒಂದೊಂದಕ್ಕೂ ಅವನು ಹೆಸರಿಟ್ಟಿದ್ದ. ಈ ಸಲ ಅವನು ಬರಿ ಮಾತು ಹಿಡಿದುಕೊಂಡು ಬಂದಿರಲಿಲ್ಲ, ಕಳೆದುಕೊಂಡು ಬಂದಿದ್ದ.

ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದ. ಹೊಗೆ ಕಣ್ಣಿಗೆ ಹೊಡೆಯಿತು, ಒಗ್ಗರಣೆ ಒಮ್ಮೆ ಸೀದಿತು, ಚೆಲ್ಲಿ ಮತ್ತೆ ಹಾಕಿದ. ಪುತಳಾಬಾಯಿ ರೊಟ್ಟಿ ಬಡಿದಳು. ಮಹಾಮಾಯಾ ನೀರಿನ ಕೊಡವನ್ನೂ ಸರಿಸಿ ಕೊಡಲಿಲ್ಲ. ಓಣಿಯವರೆಲ್ಲ ನೋಡುತ್ತಿದ್ದಂತೆ ಅವನು ತಟ್ಟೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು ಸುಭದ್ರಾಬಾಯಿಯ ಮುಂದೆ ಇಟ್ಟು ಕೈಕಟ್ಟಿ ನಿಂತ.

ಸುಭದ್ರಾಬಾಯಿ ತಟ್ಟೆ ನೋಡಿದರು. ಓಣಿಯ ಕಡೆ ನೋಡಿದರು. ಗಂಡನ ಕಡೆ ನೋಡಿದರು. ನಾಗಸೇನರು ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಪುಟವನ್ನೂ ತಿರುಗಿಸಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಶಿವಕಾಂತನ ಮುಖ ಬಿಳುಚಿತು. ಉಣ್ಣು ಆಯಿ, ಎಂದು ಮಹಾಮಾಯಾಳ ಮನಸ್ಸು ಒಳಗೊಳಗೇ ಬೇಡಿಕೊಂಡಿತು. ಬೇಡಿಕೊಂಡದ್ದು ತಿಳಿದು ಅವಳೇ ಬೆಚ್ಚಿದಳು.

ಸುಭದ್ರಾಬಾಯಿ ರೊಟ್ಟಿ ಮುರಿದರು. ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡು ಸಾವಕಾಶ ಅಗಿದರು.

“ಖಾರ ಕಡಿಮಿ ಆಗ್ಯಾದ,” ಅಂದರು. “ಬರೂ ಐತವಾರ ಮತ್ತ ಬಂದು ಮಾಡು.”

ತಟ್ಟೆ ಪೂರಾ ಉಂಡರು. ಮೂರನೆಯ ರೊಟ್ಟಿ ಕೇಳಿದರು. ಪುತಳಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ತಂದಳು.

ಹಿತ್ತಲಿನ ಬಂಡೆಯ ಹತ್ತಿರ ಶಿವಕಾಂತ ಪಾತ್ರೆ ತೊಳೆಯುತ್ತ ಕೂತಿದ್ದ. ಮಹಾಮಾಯಾ ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಅವನ ಹುಬ್ಬಿಗೆ ಬೂದಿ ಹತ್ತಿತ್ತು.

“ಆಯಿ ಉಂಡ್ಲು ಅಂತ ನನ್ನ ಸಿಟ್ಟ ಇಳೀತು ಅಂತ ತಿಳಕೋಬ್ಯಾಡ,” ಅಂದಳು. ಏಳು ವರ್ಷದ ಮೇಲೆ ಅವಳ ಬಾಯಿಂದ ಬಹುವಚನ ಬಿಟ್ಟುಹೋಗಿತ್ತು.

“ತಿಳಕೊಂಡಿಲ್ಲ.”

“ಎರಡ ಕಡೆ ವರ ಬಂದಿದ್ವು. ಚಲೋ ಹುಡುಗರು. ಒಲ್ಲೆ ಅಂದೆ. ಯಾಕ ಕೇಳು.”

“ಯಾಕ?”

ಅವಳು ಬಂಡೆಯ ಮೇಲಿನ ನೀರನ್ನು ಬೆರಳಿನಿಂದ ಆಚೀಚೆ ಎಳೆದಳು. ಹೇಳಬಾರದು ಅಂದುಕೊಂಡೇ ಬಂದಿದ್ದಳು.

“ನಿನ್ನ ಪತ್ರ ಸುಟ್ಟೆ, ಫೋಟೋ ಹರದ ಒಗದೆ. ಸಿಟ್ಟೊಂದೇ ಉಳದಿತ್ತು ನಿಂದು ನನ್ನ ಹತ್ರ. ಅದನ್ನೂ ಬಿಟ್ಟಿದ್ರ ನೀ ಪೂರಾ ಹೋಗಿಬಿಡ್ತಿದ್ದಿ ಶಿವಾ. ಅದಕ್ಕ ಬಿಡಲಿಲ್ಲ.”

ಶಿವಕಾಂತನ ಕೈಯಲ್ಲಿದ್ದ ತಟ್ಟೆ ಬಂಡೆಯ ಮೇಲೆ ನಿಂತಿತು. ಅವನು ಮುಂಗೈಯಿಂದ ಕಣ್ಣೊರೆಸಿಕೊಂಡ, ಬೂದಿ ನೀರು ಒಂದಾಗಿ ಕೆನ್ನೆಯ ಮೇಲೆ ಇಳಿಯಿತು. ಮಹಾಮಾಯಾ ಅವನ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಒಳಗಿನಿಂದ ಸುಭದ್ರಾಬಾಯಿ ಪಾತ್ರೆ ಕೇಳಿ ಎರಡು ಸಲ ಕೂಗಿದರು, ಇಬ್ಬರೂ ಏಳಲಿಲ್ಲ.